ಸಾವ್ಕಾರ್ರ ಗಾಜಿನ ಹತ್ತಿ

ನಮ್ಮ ಹಳೆಯ ಮನೆಯ ಮಾಲೀಕರು ಹೋದ ತಿಂಗಳು ತೀರಿಕೊಂಡರು. ಮಾಳಮಡ್ಡಿಯಲ್ಲಿ ಎಲ್ಲರೂ ಅವರನ್ನು ಸಾವ್ಕಾರ್ರು ಎಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದವಳು, ಈಗ ಹೆಸರು ಹಿಡಿದು ಬರೆದರೆ ಬೇರೆ ಯಾರದೋ ಬಗ್ಗೆ ಬರೆದ ಹಾಗಾಗುತ್ತದೆ. ಮಣ್ಣಿಗೆ ಬಂದವರೆಲ್ಲ ಅವರ ದಾನ, ಶಿವಪೂಜೆ, ಸಮಾಜಸೇವೆ ಎಂದು ದೊಡ್ಡ ದೊಡ್ಡ ಮಾತು ಆಡಿದರು. ಅವೆಲ್ಲ ಇದ್ದವು, ಇಲ್ಲವೆನ್ನುವುದಿಲ್ಲ. ಆದರೆ ನನಗೆ ಕಣ್ಣಿಗೆ ಕಟ್ಟಿದ್ದು ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು. ಆ ಎರಡು ಬೆರಳಿನಿಂದ ಅವರು ಇಡೀ ಜಗತ್ತನ್ನು ಚಿವುಟಿ ನೋಡಿದವರು.

ಹುಬ್ಬಳ್ಳಿಯಲ್ಲಿ ಜೀವಮಾನವೆಲ್ಲ ಹತ್ತಿ ವ್ಯಾಪಾರ ಮಾಡಿ, ಅಂಗಡಿಯನ್ನು ಮಗನಿಗೆ ಒಪ್ಪಿಸಿ, ಧಾರವಾಡದ ಮನೆಯಲ್ಲಿ ಆರಾಮಾಗಿ ಕೂತಿದ್ದರು. ಅಂಗಡಿ ಬಿಟ್ಟರೂ ಬೆರಳು ಅಂಗಡಿ ಬಿಟ್ಟಿರಲಿಲ್ಲ. ಮೊಮ್ಮಕ್ಕಳ ಸಮವಸ್ತ್ರ ಬಂತೆಂದರೆ ಚಿವುಟುವುದು, ಪರದೆ ಹೊಲಿಸಿದರೆ ಚಿವುಟುವುದು. ಒಂದು ಮದುವೆಯಲ್ಲಿ ಅಕ್ಷತೆ ಹಾಕಲು ಹೋದವರು ಮದುಮಗನ ಹೆಗಲ ಮೇಲಿನ ಶಲ್ಯವನ್ನು ಚಿವುಟಿ, "ಅರ್ಧ ಪಾಲಿಸ್ಟರ್ ಐತಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಬಂದಿದ್ದರು. ಕೊನೆಯ ಸಲ ಆಸ್ಪತ್ರೆಯಲ್ಲಿ ನೋಡಲು ಹೋದಾಗಲೂ ಹೊದಿಕೆಯ ಅಂಚನ್ನು ಬೆರಳಲ್ಲಿ ಹೊಸೆಯುತ್ತಾ, "ಎಳಿ ಗಿಡ್ಡ" ಎಂದು ನನ್ನತ್ತ ನೋಡಿ ಮುಖ ಸಿಂಡರಿಸಿದರು.

ಮನುಷ್ಯರನ್ನೂ ಅವರು ಹತ್ತಿಯ ಲೆಕ್ಕದಲ್ಲೇ ಅಳೆಯುವವರು. ಒಳ್ಳೆಯವರು ಕಂಡರೆ "ಎಳಿ ಉದ್ದ ಐತಿ". ಮಾತು ಹೆಚ್ಚು, ಕೆಲಸ ಕಡಿಮೆ ಇದ್ದವರು "ಕಸ ಭಾಳ". ತೂಕ ಹೆಚ್ಚಿಸಲು ಹತ್ತಿಯ ಚೀಲಕ್ಕೆ ನೀರು ಚಿಮುಕಿಸುವ ಕಳ್ಳಾಟ ಪೇಟೆಯಲ್ಲಿ ಇತ್ತಂತೆ. ಹಾಗಾಗಿ ಸುಳ್ಳು ಬಡಾಯಿಯವರಿಗೆ ಅವರಿಟ್ಟ ಹೆಸರು "ನೀರು ಹೊಡದ ಅಂಡಿಗಿ". ಓಣಿಯ ಒಬ್ಬ ಪುಢಾರಿ ಬರುವುದು ಕಂಡರೆ ಅವರು ಆ ಮೂರು ಶಬ್ದವನ್ನು ಮಂತ್ರದ ಹಾಗೆ ಬಾಯೊಳಗೇ ಹೇಳಿಕೊಂಡು ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದರು.

ನಾನು ಸರಕಾರಿ ಹೈಸ್ಕೂಲಿಗೆ ಟೀಚರ್ ಆಗಿ ಬಂದ ಹೊಸತು. ಗಂಡನಿಗೆ ಬೀದರ ಕಡೆ ನೌಕರಿ. ಮನೆ ಹುಡುಕಿ ಹುಡುಕಿ ನನ್ನ ಕಾಲು ಬಿದ್ದುಹೋಗಿದ್ದವು. ನಮ್ಮದು ಬೌದ್ಧ ಮನೆತನ. ಬಾಡಿಗೆ ಮಾತೆಲ್ಲ ಮುಗಿದ ಮೇಲೆ ಮನೆಯವರು ಮೆಲ್ಲಗೆ ಅಡ್ಡಹೆಸರು ಕೇಳುತ್ತಿದ್ದರು. ಹೇಳಿದ ಕೂಡಲೇ ಅವರಿಗೆ ಮನೆಯನ್ನು ನಿನ್ನೆಯೇ ಯಾರಿಗೋ ಕೊಟ್ಟಿದ್ದು ನೆನಪಾಗುತ್ತಿತ್ತು. ಸಾವ್ಕಾರ್ರ ಮನೆಗೆ ಹೋದ ದಿನ ನನ್ನ ಅವ್ವನೂ ಜೊತೆಗಿದ್ದಳು.

"ಊರು ಯಾವುದ್ರಿ ಅಕ್ಕೋರ?" ಎಂದು ಕೇಳಿದರು. ನಮ್ಮ ಕಡೆ ಟೀಚರಿಗೆ ಅಕ್ಕೋರು ಅನ್ನುವುದು ವಾಡಿಕೆ.

"ಅಮ್ಮಿನಬಾವಿರಿ."

"ಎರಿ ಭೂಮಿ. ಅಲ್ಲಿಂದ ಜಯಧರ ಹತ್ತಿ ಬರ್ತಿತ್ತು ನಮಗ. ಎಳಿ ಭಾಳ ಛಲೋ."

ಅವ್ವ ಹಿಂದಿನಿಂದ ಅಂದಳು, "ಆ ಹತ್ತಿ ಬಿಡಿಸಿದಾಕಿ ನಾನ."

ಸಾವ್ಕಾರ್ರು ಅವಳನ್ನು ಒಂದು ಸಲ ನೋಡಿದರು. "ಹಂಗಾರ ನಾವು ಹಳೇ ಪರಿಚಯದವರ ಆದ್ವಿ ಬಿಡ್ರಿ ಅವ್ವಾರ" ಎಂದು ಕೀಲಿಕೈ ಕೊಟ್ಟರು. ಅಡ್ಡಹೆಸರಿನ ಮಾತು ಬರಲೇ ಇಲ್ಲ. ನಾನು ಹಿಗ್ಗಿಹೋದೆ. ಅವ್ವ ನಗಲಿಲ್ಲ. ಮೆಟ್ಟಿಲು ಹತ್ತುವಾಗ, "ಮಾತು ಸವಿ ಐತಿ. ಸವಿ ಮಾತಿನವರ ಮನ್ಯಾಗ ಮುಲಾಜು ಭಾಳ ಇರತೈತಿ, ನೋಡಕೊಂಡಿರು" ಎಂದಳು.

ನಮ್ಮದು ಮಾಳಿಗೆಯ ಮೇಲಿನ ಎರಡು ಕೋಣೆಗಳ ಮನೆ, ಮೇಲೆ ತಗಡಿನ ಹೊದಿಕೆ. ಚಳಿಗಾಲದಲ್ಲಿ ಸ್ವರ್ಗ. ಶಿವರಾತ್ರಿ ಕಳೆದದ್ದೇ ತಡ, ತಗಡು ಕಾದು ಟಕ್ಕ ಟಕ್ಕ ಎಂದು ಸದ್ದು ಮಾಡಲು ಶುರು ಮಾಡಿತು. ಫ್ಯಾನು ಹಾಕಿದರೆ ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಕೊಡುತ್ತಿತ್ತು. ನಾನು ಆಗ ಬಸುರಿ, ಬೇಸಿಗೆಯ ನಡುಮಧ್ಯದಲ್ಲಿ ಹೆರಿಗೆ.

ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ನನ್ನ ರಕ್ತದೊತ್ತಡ ನೋಡಿದ ಡಾಕ್ಟರು ಆಸ್ಪತ್ರೆ ಬಿಟ್ಟು ದೂರ ಹೋಗಬೇಡಿ ಎಂದಿದ್ದರು. ಊರಲ್ಲಿ ಅಣ್ಣನ ಮನೆಯೂ ತುಂಬಿ ತುಳುಕುತ್ತಿತ್ತು. ಹಾಗಾಗಿ ತವರೇ ನನ್ನ ಮನೆಗೆ ಬಂದಿತು: ಅವ್ವ, ಅವಳ ಟ್ರಂಕು, ಅವಳ ಕೌದಿ, ಅವಳ ಅಗ್ಗಿಷ್ಟಿಗೆ.

ಅವ್ವ ಬಂದ ಮಾರನೆಯ ದಿನ ಸಾವ್ಕಾರ್ರು ಮೇಲೆ ಬಂದು ಹೊಸ್ತಿಲ ಹೊರಗೇ ನಿಂತು ಹೇಳಿದರು, "ಕೆಳಗ ಒಂದು ಕೋಣಿ ತೆರವು ಐತಿ. ದಪ್ಪ ಗ್ವಾಡಿ, ತಂಪಿರತೈತಿ. ಬಾಣಂತನ ಅಲ್ಲೇ ಆಗ್ಲಿ, ಅವ್ವಾರ."

"ಬ್ಯಾಡ್ರಿ ಸಾವ್ಕಾರ್ರ. ಮಗಳು ಬಾಡಿಗಿ ಕೊಡೂದು ಮ್ಯಾಲಿನ ಮನಿಗೆ. ಕೂಸು ಮ್ಯಾಲೇ ಇರ್ಲಿ."

ಅವರು ಇಳಿದು ಹೋದ ಮೇಲೆ ನಾನು ರೇಗಿದೆ. ಅವ್ವ ಸಮಾಧಾನದಿಂದಲೇ ಹೇಳಿದಳು. "ನಾ ಹುಟ್ಟಿದಾಗಿಂದ ಮಂದಿ ಅಂಗಳದಾಗ ಅಂಚಿಗೆ ಕುಂತಾಕಿ. ಮ್ಯಾಲಿಂದ ಸುರುವಿದ ನೀರು ಬೊಗಸಿ ಒಡ್ಡಿ ಕುಡದಾಕಿ. ಅವರು ಒಳ್ಳೇವರ ಇರಬಹುದು. ಆದ್ರ ನನ್ನ ಮೊಮ್ಮಗು ಮೊದಲನೇ ದಿನದಿಂದ ತನ್ನ ಮನ್ಯಾಗ ಕಾಲು ಚಾಚಿ ಮಲಗಬೇಕು. ಯಾರ ಮುಲಾಜಿನ್ಯಾಗೂ ಬ್ಯಾಡ."

ಅದನ್ನು ಕೇಳಿದ ಮೇಲೆ ನನಗೂ ಅದೇ ಹಟ ಹಿಡಿಯಿತು. ಕೆಳಗಿನ ಕೋಣೆಯೂ ಬೇಡ, ಅಣ್ಣನ ಮನೆಯ ಮೂಲೆಯೂ ಬೇಡ. ನನ್ನ ಸಂಬಳದಿಂದ ಹಿಡಿದ ಮೊದಲ ಮನೆ ಇದು, ಮಗು ಇಲ್ಲಿಯೇ ಬೆಳೆಯಬೇಕು. ನಡುವೆ ಅಡ್ಡ ನಿಂತದ್ದು ಒಂದೇ, ಆ ತಗಡು.

ಸಾವ್ಕಾರ್ರು ವಾದ ಮಾಡಲಿಲ್ಲ. ಅವ್ವನ ಮಾತಿನ ಹಿಂದೆ ಇದ್ದದ್ದು ಅವರಿಗೆ ಎಷ್ಟು ತಿಳಿಯಿತೋ, ಒಂದಿಷ್ಟಂತೂ ತಿಳಿದಿರಬೇಕು. ಎರಡು ದಿನ ಬಿಟ್ಟು ಮತ್ತೆ ಬಂದು, ತಗಡಿನ ಕಡೆ ಕೈ ಎತ್ತಿ ಝಳ ನೋಡಿ, "ತಗಡು ನಂದು ಅಂದಮ್ಯಾಲ ಅದರ ಝಳಾನೂ ನಂದ ಅಲ್ಲೇನ್ರಿ? ಅದನ್ನ ತಡಿಯೂದು ನನ್ನ ಕೆಲಸ" ಎಂದರು. ಇದರಲ್ಲಿ ಮುಲಾಜಿನ ಮಾತೇ ಇಲ್ಲ ಎಂಬಂತೆ ಅಂದರು. ಅವರ ಸಜ್ಜನಿಕೆ ಇದ್ದದ್ದು ಅಲ್ಲಿ, ಉಪಕಾರವನ್ನು ತನ್ನ ಮನೆಯ ರಿಪೇರಿ ಮಾಡಿಬಿಡುತ್ತಿದ್ದರು.

ಹುಬ್ಬಳ್ಳಿಯ ಗಬ್ಬೂರ ಹತ್ತಿರ, ಬೈಪಾಸ್ ರಸ್ತೆಯ ಪಕ್ಕ, ಕಾರ್ಖಾನೆಗಳಿಗೆ ಝಳ ತಡೆಯುವ ಸಾಮಾನು ಕೊಡುವ ಒಂದು ಗೋದಾಮು ಇತ್ತು. ಸಾವ್ಕಾರ್ರು, ಅವರ ಹೆಂಡತಿ, ನಾನು ಮೂವರೂ ಕಾರಿನಲ್ಲಿ ಹೋದೆವು. ಅವರ ಹೆಂಡತಿಯನ್ನು ನಾನು ಕಾಕು ಎನ್ನುತ್ತಿದ್ದೆ. ಅವರು ಬಂದದ್ದು ನನ್ನನ್ನು ನೋಡಿಕೊಳ್ಳಲು ಎಂದು ಹೇಳಿದರಾದರೂ, ನಿಜವಾಗಿ ಗಂಡನ ಬೆರಳನ್ನು ಕಾಯಲು ಬಂದಿದ್ದರು.

ಗೋದಾಮಿನವರು ಮೊದಲು ಥರ್ಮಾಕೋಲ್ ಹಲಗೆ ತೋರಿಸಿದರು. ಸಾವ್ಕಾರ್ರು ಒಂದು ಮೂಲೆ ಚಿವುಟಿ, "ಇದು ಚುರಮುರಿ ಅಂಟಿಸಿದ್ದು. ಇಲಿಗೆ ಹಬ್ಬ ಆಗತೈತಿ" ಎಂದು ಪಕ್ಕಕ್ಕಿಟ್ಟರು. ಆಮೇಲೆ ಬೆಳ್ಳಿ ಬಣ್ಣದ, ಗುಳ್ಳೆಗುಳ್ಳೆಯ ಹಾಳೆಯ ಸುರುಳಿ ಬಂತು. ನಾಲ್ಕು ಗುಳ್ಳೆ ಒಡೆದು ಸಂತೋಷಪಟ್ಟು, ಐದನೆಯದಕ್ಕೆ ಕೈ ಹಾಕುವಾಗ ಕಾಕು ಕೆಮ್ಮಿದರು. "ಛಲೋ ಐತಿ, ಆದ್ರ ತೆಳುವು. ನಮ್ಮ ತಗಡು ಭಾಳ ಸಿಟ್ಟಿಂದು" ಎಂದರು ಸಾವ್ಕಾರ್ರು. ಕೊನೆಗೆ ಗೋದಾಮಿನವರು ಹಳದಿ ಬಣ್ಣದ ದಪ್ಪ ಸುರುಳಿಯೊಂದನ್ನು ಉರುಳಿಸಿಕೊಂಡು ಬಂದರು. ಒಂದು ಮೈಗೆ ಬೆಳ್ಳಿಯ ಹಾಳೆ, ಇನ್ನೊಂದು ಮೈ ಹಿಂಜಿದ ಅರಳೆಯ ಹಾಗೆ ಮೆತ್ತಗೆ ಉಬ್ಬಿತ್ತು.

"ಇದು ಗ್ಲಾಸ್ ವೂಲ್ ರಿ. ಗಾಜಿನ ಹತ್ತಿ ಅನ್ರಿ ಬೇಕಾರ. ತಡೀರಿ, ಕೈಗವಸು ತರ್ತೇನಿ" ಎಂದು ಗೋದಾಮಿನವರು ಒಳಗೆ ಹೋದರು.

ಹತ್ತಿ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಸಾವ್ಕಾರ್ರನ್ನು ತಡೆಯಲು ಸಾಧ್ಯವಿತ್ತೇ? ಒಂದು ಚಿಟಿಕೆ ಕಿತ್ತರು. ಎರಡೂ ಹೆಬ್ಬೆರಳು ಜೋಡಿಸಿ ಎಳೆದು ಎಳೆಯ ಉದ್ದ ನೋಡಿದರು. ಹತ್ತಿಯಲ್ಲಿ ಹಸಿ ಇದೆಯೋ ಇಲ್ಲವೋ ಎಂದು ಪೇಟೆಯವರು ಕೆನ್ನೆಗೆ ತಿಕ್ಕಿ ನೋಡುತ್ತಾರಂತೆ. ಅದನ್ನೂ ಮಾಡಿದರು, ಎರಡೂ ಕೆನ್ನೆಗೆ. "ಎಳಿ ಉದ್ದ ಐತಿ. ಆದ್ರ ಯಾಕೋ ಬಿರುಸು..." ಎನ್ನುವಷ್ಟರಲ್ಲಿ ಮುಖ ಕೆಂಪಗಾಗತೊಡಗಿತು.

ಕೈಗವಸು ಹಿಡಿದು ಬಂದ ಗೋದಾಮಿನವರು ಹೌಹಾರಿದರು. "ಸಾವ್ಕಾರ್ರ! ಗಾಜು ಅಂದಿದ್ನೆಲ್ರಿ!"

"ಹತ್ತಿ ಅಂತನೂ ಅಂದ್ರೆಲ್ರಿ."

"ತಿಕ್ಕಬ್ಯಾಡ್ರಿ, ತಿಕ್ಕಬ್ಯಾಡ್ರಿ, ಬರೇ ತಣ್ಣೀರು ಹಾಕ್ರಿ!"

ಬರುವಾಗ ಬೈಪಾಸಿನ ಉದ್ದಕ್ಕೂ ಕಾಕು ಬೈದರು. ಸಾವ್ಕಾರ್ರು ಒದ್ದೆ ಕರವಸ್ತ್ರ ಮುಖಕ್ಕಿಟ್ಟು, ಕಿಟಕಿಯ ಗಾಳಿಗೆ ಕೆನ್ನೆ ಕೊಟ್ಟು ಗಂಭೀರವಾಗಿ ಕೂತಿದ್ದರು. ಧಾರವಾಡ ಹತ್ತಿರ ಬಂದಾಗ ಬಾಯಿ ಬಿಟ್ಟರು. "ಇಷ್ಟು ವರ್ಷ ನಾ ಹತ್ತಿ ಚಿವುಟೇನಿ. ಯಾವ ಹತ್ತಿನೂ ನನಗ ತಿರುಗಿ ಚಿವುಟಿರಲಿಲ್ಲ. ಇದನ್ನ ತಗೊಳ್ಳೂಣು." ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಕಾಕು ನನಗೂ ಬೈದರು, ಬಸುರಿ ಹಾಗೆ ನಗಬಾರದಂತೆ.

ಸುದ್ದಿ ಕೇಳಿ ಅವ್ವ ಹಣೆ ಚಚ್ಚಿಕೊಂಡಳು. "ಹತ್ತಿ ಹೊಚ್ಚಿದರ ಮೈ ಬೆಚ್ಚಗ ಆಗತೈತೋ, ತಂಪ ಆಗತೈತೋ? ಧಗಿಯೊಳಗ ಮನಿಗೆ ಕೌದಿ ಹೊಚ್ಚತಾರಂತ! ಸಾವ್ಕಾರ್ರಿಗೆ ಕೆನ್ನಿಯಷ್ಟ ಅಲ್ಲ, ತಲಿನೂ ಕಾದೈತಿ."

ಈ ಮಾತು ಕೆಳಗೆ ಮುಟ್ಟಿತು. ಮುಟ್ಟಲಿ ಎಂದೇ ಅವ್ವ ಜೋರಾಗಿ ಅಂದಿದ್ದಳು. ಸಾವ್ಕಾರ್ರು ಶರಬತ್ತಿನ ಅಂಗಡಿಯಿಂದ ಎರಡು ಗಡ್ಡೆ ಐಸು ತರಿಸಿದರು. ಒಂದನ್ನು ತಾಟಿನಲ್ಲಿ ಬಿಸಿಲಿಗಿಟ್ಟರು. ಇನ್ನೊಂದನ್ನು ಅವ್ವನ ಕೌದಿಯಲ್ಲೇ ಸುತ್ತಿ ಅದರ ಪಕ್ಕದಲ್ಲಿಟ್ಟರು. ಮಾಳಿಗೆಯ ನೆರಳಿನಲ್ಲಿ ಆ ಕಡೆ ಸಾವ್ಕಾರ್ರು, ಈ ಕಡೆ ಅವ್ವ, ಪಂಚಾಯ್ತಿಗೆ ಕೂತವರ ಹಾಗೆ ಕೂತರು. ತಾಟಿನ ಐಸು ನೀರಾಗಿ, ನೀರೂ ಬೆಚ್ಚಗಾಯಿತು. ಕೌದಿ ಬಿಚ್ಚಿದರೆ ಒಳಗಿನದು ಇನ್ನೂ ಗಟ್ಟಿ ಇತ್ತು.

"ಒಳಗ ಯಾವುದು, ಹೊರಗ ಯಾವುದು, ಕೌದಿಗೆ ಗೊತ್ತಿಲ್ಲ ಅವ್ವಾರ. ಚಳಿಯೊಳಗ ಮೈಬಿಸಿ ಹೊರಗ ಬಿಡಂಗಿಲ್ಲ, ಬ್ಯಾಸಿಗ್ಯಾಗ ಹೊರಗಿನ ಬಿಸಿ ಒಳಗ ಬಿಡಂಗಿಲ್ಲ. ಅದಕ್ಕ ತಡಿಯೂದಷ್ಟ ಗೊತ್ತು."

ಅವ್ವ ಐಸು ಎತ್ತಿ ಬಕೆಟ್ಟಿಗೆ ಹಾಕಿ, "ಕೌದಿ ತೋಯಿಸಿದ್ರಿ" ಎಂದಷ್ಟೇ ಅಂದಳು. ಅವಳು ಸೋಲು ಒಪ್ಪಿಕೊಳ್ಳುವ ರೀತಿ ಅದು.

ನಾನು ಆಸ್ಪತ್ರೆಯಲ್ಲಿದ್ದಾಗ ಸಾವ್ಕಾರ್ರು ಕೆಲಸ ಮಾಡಿಸಿದರು. ತಗಡಿನ ಕೆಳಗೆ ಒಂದು ಗೇಣು ಜಾಗ ಬಿಟ್ಟು ಪ್ಲೈವುಡ್ ಹೊಡೆದು, ನಡುವಿನ ಜಾಗಕ್ಕೆ ಗಾಜಿನ ಹತ್ತಿ. ಇಲ್ಲಿ ಅವರ ಹಳೆಯ ವೃತ್ತಿ ಅಡ್ಡ ಬಂತು. ಹಿಂದೆ ಅಂಡಿಗೆ ಎಂಬ ದೊಡ್ಡ ಚೀಲಕ್ಕೆ ಹತ್ತಿ ತುಂಬುವಾಗ ಒಬ್ಬ ಆಳು ಚೀಲದೊಳಗೇ ಇಳಿದು ಕಾಲಿನಿಂದ ತುಳಿದು ತುಳಿದು ತುಂಬುತ್ತಿದ್ದನಂತೆ. ಅಂಡಿಗೆ ಕಲ್ಲಿನ ಹಾಗೆ ಗಟ್ಟಿಯಾದರೆ ವ್ಯಾಪಾರಿಯ ಮರ್ಯಾದೆ ಉಳಿಯಿತು ಎಂದು ಲೆಕ್ಕ. ಸಾವ್ಕಾರ್ರು ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಸುರುಳಿ ತರಿಸಿ, ಒಂದರ ಮೇಲೊಂದು ಇರಿಸಿ ಒತ್ತಿ ತುರುಕಿಸಿದ್ದರು. ಅಷ್ಟು ಒತ್ತಬಾರದು ಎಂದ ಕೆಲಸದವರಿಗೆ, "ಹತ್ತಿ ತುಂಬೂದು ನನಗ ಕಲಿಸ್ತೀರೇನು?" ಎಂದಿದ್ದರಂತೆ.

ನಾವು ಹೆಣ್ಣುಮಗು ಎತ್ತಿಕೊಂಡು ಮನೆಗೆ ಬಂದೆವು. ಮನೆಯ ಝಳ ಒಂದಿಷ್ಟೂ ಇಳಿದಿರಲಿಲ್ಲ. ಮಧ್ಯಾಹ್ನ ಪ್ಲೈವುಡ್ ಮುಟ್ಟಿದರೆ ಕೈಗೆ ಬಿಸಿ ಹತ್ತುತ್ತಿತ್ತು. ಬಾಣಂತಿಗೆ ಬೆಂಕಿ ಕಾಯಿಸಲೆಂದು ತಂದ ಅಗ್ಗಿಷ್ಟಿಗೆಯನ್ನು ಅವ್ವ ಮೂಲೆಗೆ ಸರಿಸಿದಳು. "ಇದ್ಯಾಕ ಬೇಕು? ಮ್ಯಾಲಿಂದನ ಬರಾಕತ್ತೈತೆಲ್ಲ" ಎಂದಳು. ಮಗುವಿನ ಕುತ್ತಿಗೆ, ಬೆನ್ನು ತುಂಬ ಬೆವರುಸಾಲೆ ಎದ್ದಿತು. ಅದು ಅಳುತ್ತಿತ್ತು, ಹಾಲು ಕುಡಿಸುತ್ತಾ ನಾನೂ ಅಳುತ್ತಿದ್ದೆ. ಅವ್ವ ಬಟ್ಟೆಗಳನ್ನೆಲ್ಲ ಒಂದು ಗಂಟು ಕಟ್ಟಿದಳು. ಅಮಾವಾಸ್ಯೆಯೊಳಗೆ ಅಮ್ಮಿನಬಾವಿಗೆ ಹೊರಡುವುದೆಂದು ತೀರ್ಮಾನವಾಯಿತು. ಡಾಕ್ಟರು ಏನೇ ಅನ್ನಲಿ, ಅಣ್ಣನ ಮನೆಯಲ್ಲಿ ಹಂಚಿನ ನೆರಳಾದರೂ ಇದೆ ಎಂದಳು.

ಸಾವ್ಕಾರ್ರು ಬಂದು ಗಂಟು ನೋಡಿದರು, ಮಗುವಿನ ಕುತ್ತಿಗೆ ನೋಡಿದರು. ಮೆಟ್ಟಿಲು ಇಳಿದು ಹೋದರು. ನನ್ನ ಸಂಕಟಕ್ಕಿಂತ ಅವರ ಮುಖ ನೋಡಿ ನನಗೆ ಹೆಚ್ಚು ಕೆಟ್ಟೆನಿಸಿತು.

ಮರುದಿನ ಬೆಳಿಗ್ಗೆ ಕೆಳಗೆ ಅಂಗಳದಲ್ಲಿ ಗಾದಿ ಹಿಂಜುವವನು ಬಂದಿದ್ದ. ಬೇಸಿಗೆಯಲ್ಲಿ ಹಳೆಯ ಗಾದಿ ಬಿಚ್ಚಿ ಅರಳೆ ಹಿಂಜಿಸಿ ಮತ್ತೆ ತುಂಬಿಸುವುದು ಆ ಮನೆಯ ಪದ್ಧತಿ. ಅವನ ಹಿಂಜುವ ಬಿಲ್ಲಿನ ಟಂಯ್ ಟಂಯ್ ಸದ್ದಿಗೆ ನಾನು ಮೇಲಿನಿಂದ ಬಗ್ಗಿ ನೋಡಿದೆ. ಚಪ್ಪಟೆಯಾಗಿ ರೊಟ್ಟಿಯಂತಾಗಿದ್ದ ಅರಳೆ ಉಬ್ಬಿ ಉಬ್ಬಿ ಗುಡ್ಡೆಯಾಗುತ್ತಿತ್ತು. ಸಾವ್ಕಾರ್ರು ಕುರ್ಚಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಎದ್ದವರೇ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲು ಏರಿ ಬಂದರು. ಹೊಸ್ತಿಲಲ್ಲಿ ನಿಂತು ಏದುಸಿರು ಬಿಡುತ್ತಾ ಕೂಗಿದರು.

"ಅವ್ವಾರ! ಮಾರೂ ಹತ್ತಿ ತುಳೀಬೇಕು. ಹೊಚ್ಚೂ ಹತ್ತಿ ತುಳೀಬಾರ್ದು! ಬೆಚ್ಚಗ ಇಡೂದು ಹತ್ತಿ ಅಲ್ರಿ, ಅದರೊಳಗಿನ ಗಾಳಿ. ನಾ ಗಾಳಿ ಎಲ್ಲಾ ಹೊರಗ ಹಾಕಿ ಬರೇ ಗಾಜು ತುಂಬಿಸೇನಿ!"

ಅವ್ವ ಮಗುವನ್ನು ತೊಡೆಯ ಮೇಲೆ ತಟ್ಟುತ್ತಾ ಅಂದಳು, "ಗಾಳಿ ತುಂಬಿಸಿದ ಹತ್ತಿ ವ್ಯಾಪಾರಿ ಎಲ್ಲಾರ ಇದ್ದಾರೇನ್ರಿ ಸಾವ್ಕಾರ್ರ?"

"ಇಲ್ರಿ. ನಾನ ಮೊದಲನೇದವ ಆಗ್ತೇನಿ. ಒಂದು ದಿನ ಕೊಡ್ರಿ."

ಗಾಜಿನ ಧೂಳಿನಲ್ಲಿ ಕೂಸು ಇರಬಾರದು. ಹಾಗಾಗಿ ನಾವು ಆ ದಿನ ಹುಬ್ಬಳ್ಳಿಯಲ್ಲಿದ್ದ ಚಿಗವ್ವನ ಮನೆಗೆ ಹೋದೆವು. ಅವ್ವ ಗಂಟನ್ನೂ ಆಟೋಕ್ಕೆ ಹಾಕಿದಳು. ಮನೆ ತಂಪಾಗದಿದ್ದರೆ ಮೇಲೆ ಹತ್ತುವುದೂ ಇಲ್ಲ, ಹಾಗೆಯೇ ಊರಿಗೆ ಎಂದು ಸಾವ್ಕಾರ್ರ ಎದುರೇ ಹೇಳಿದಳು. ಅವರು ತಲೆ ಆಡಿಸಿದರು. ಕಾಕುವಿನ ಹಳೆಯ ಸೀರೆಯ ತುಂಡನ್ನು ಮೂಗು ಬಾಯಿಗೆ ಕಟ್ಟಿಕೊಂಡು, ತುಂಬುತೋಳಿನ ಅಂಗಿ, ಕೈಗವಸು ಹಾಕಿಕೊಂಡು ಆಗಲೇ ಯುದ್ಧಕ್ಕೆ ನಿಂತಿದ್ದರು.

ಈ ಸಲ ಅವರು ಕೆಲಸದವರ ಮಾತು ಕೇಳಿದರಂತೆ. ಗೋದಾಮಿಗೆ ಫೋನು ಹಚ್ಚಿ, "ನೀವು ಹೇಳಿದ್ದ ಖರೇ ಐತಿ, ಈಗ ಇನ್ನೊಮ್ಮೆ ಹೇಳ್ರಿ" ಎಂದರಂತೆ. ತುರುಕಿದ್ದನ್ನೆಲ್ಲ ತೆಗೆಸಿ, ಒಂದೇ ಪದರನ್ನು ಒತ್ತದೆ ಬಿಡಿಸಿ ಹಾಸಿಸಿದರು, ಬೆಳ್ಳಿಯ ಮೈ ತಗಡಿನ ಕಡೆಗೆ. ತಗಡಿಗೂ ಅದಕ್ಕೂ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು, ಬಿಸಿಗಾಳಿ ಹೋಗಲು ಎರಡೂ ತುದಿಗೆ ಕಿಂಡಿ ಇಡಿಸಿದರು. ಧೂಳು ಒಂದು ಕಣವೂ ಕೂಸಿನ ಮೇಲೆ ಉದುರಬಾರದೆಂದು ಕೆಳಗೆ ಬಟ್ಟೆ ಹೊದಿಸಿ, ಪ್ಲೈವುಡ್ಡಿನ ಸಂದಿಗಳಿಗೆಲ್ಲ ಪಟ್ಟಿ ಅಂಟಿಸಿದರು. ಆಮೇಲೆ ಕಾಕು ಮತ್ತು ಅವರು ಇಬ್ಬರೇ ಸೇರಿ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಇದನ್ನು ನನಗೆ ಹೇಳಿದ್ದು ಕಾಕು, ಅದೂ ಬಹಳ ದಿನಗಳ ನಂತರ.

ಸಂಜೆ ಬಂದೆವು. ಅವ್ವ ಮೇಲೆ ಹತ್ತಿದಳು, ಆದರೆ ಗಂಟು ಬಿಚ್ಚಲಿಲ್ಲ. ಸಂಜೆಯ ತಂಪು ಲೆಕ್ಕಕ್ಕಿಲ್ಲ, ನಾಳೆಯ ಮಧ್ಯಾಹ್ನ ನೋಡೋಣ ಎಂದಳು.

ಮರುದಿನ ಆ ವರ್ಷದ ಬೇಸಿಗೆಯ ಬೆಂಕಿಯಂಥ ಮಧ್ಯಾಹ್ನ. ಓಣಿಯಲ್ಲಿ ನಾಯಿಯೂ ಕಾಣುತ್ತಿರಲಿಲ್ಲ. ನಾನು ಒಳಕೋಣೆಯ ಹೊರಸಿನ ಮೇಲೆ ಮಲಗಿ ಬಾಗಿಲಿನಿಂದ ನೋಡುತ್ತಿದ್ದೆ. ಹೊರಕೋಣೆಯಲ್ಲಿ ಕೌದಿಯ ಮೇಲೆ ಮಗು ನಿದ್ದೆ ಮಾಡುತ್ತಿತ್ತು, ಕಾಲು ಎರಡೂ ಚಾಚಿ. ತಗಡು ಮೇಲೆ ಟಕ್ಕ ಟಕ್ಕ ಎನ್ನುತ್ತಲೇ ಇತ್ತು, ಅದರ ಸಿಟ್ಟು ಮಾತ್ರ ಕೆಳಗೆ ಇಳಿಯುತ್ತಿರಲಿಲ್ಲ. ಅವ್ವ ಗೋಡೆಗೆ ಒರಗಿ, ಏನೋ ತಪ್ಪು ಹುಡುಕುವವಳ ಹಾಗೆ ಮೇಲೆ ನೋಡುತ್ತಿದ್ದಳು.

ಸಾವ್ಕಾರ್ರು ಬಂದು ಹೊಸ್ತಿಲ ಹೊರಗೆ ನಿಂತರು. "ಒಳಗ ಬರ್ಲೇನ್ರಿ?" ಅವರು ಒಂದು ದಿನವೂ ಕೇಳದೆ ಒಳಗೆ ಕಾಲಿಟ್ಟವರಲ್ಲ.

"ಬರ್ರಿ."

ಬಂದು ನೆಲದ ಮೇಲೆ ಕೂತರು. "ಒಂದೀಟು ನೀರು ಕೊಡ್ರಿ ಅವ್ವಾರ." ಅವ್ವ ಅರೆಗಳಿಗೆ ಅವರನ್ನು ನೋಡಿ, ನಮ್ಮ ಕೊಡದಿಂದ ಚರಿಗೆ ತುಂಬಿ ಕೊಟ್ಟಳು. ಗಟಗಟ ಕುಡಿದು, ಇನ್ನೊಂದು ಕೇಳಿ, ಅದನ್ನೂ ಕುಡಿದರು. "ಸ್ವಲ್ಪ ಕುಂಡರ್ತೇನಿ. ಝಳ ಬರತೈತೇನು ನೋಡೂಣು" ಎಂದು ಗೋಡೆಗೆ ಬೆನ್ನು ಕೊಟ್ಟರು. ಹಿಂದಿನ ದಿನದ ದಣಿವು ಇರಬೇಕು, ನೋಡುನೋಡುತ್ತಲೇ ಕಣ್ಣು ಮುಚ್ಚಿದವು. ಮೆಲ್ಲಗೆ ಜಾರಿ ಕೌದಿಯ ಅಂಚಿಗೆ ಉರುಳಿದರು. ಒಂದು ಕಡೆ ಕೂಸು, ಒಂದು ಕಡೆ ಸಾವ್ಕಾರ್ರು, ಇಬ್ಬರೂ ಬಾಯಿ ತೆರೆದು ನಿದ್ದೆ.

ಅವ್ವ ಬಹಳ ಹೊತ್ತು ಅವರನ್ನೇ ನೋಡಿದಳು. ಆಮೇಲೆ ಎದ್ದು ಹೋಗಿ ಮೂಲೆಯಲ್ಲಿದ್ದ ಗಂಟು ಬಿಚ್ಚಿದಳು. ಒಂದು ಮೆತ್ತನೆಯ ಹಳೆಯ ಸೀರೆ ತೆಗೆದು ಮಡಿಚಿ ಅವರ ತಲೆಯಡಿಗೆ ಸೇರಿಸಿದಳು. ಉಳಿದ ಬಟ್ಟೆಗಳನ್ನು ಒಂದೊಂದಾಗಿ ಗೂಡಿಗೆ ಇಡತೊಡಗಿದಳು. 

ಗಂಡನನ್ನು ಹುಡುಕುತ್ತಾ ಕಾಕು ಬಂದರು. ಬಾಗಿಲಲ್ಲೇ ಬಾಯಿ ಮೇಲೆ ಕೈ ಇಟ್ಟುಕೊಂಡು, "ಅಯ್ಯ ನನ್ನ ಶಿವನ! ಮಂದಿ ಮನ್ಯಾಗ ಹಿಂಗ ಬಿದ್ದಕೊಂಡಾರಲ್ಲ! ಏಳ್ರಿ, ಏಳ್ರಿ" ಎಂದರು. ಸಾವ್ಕಾರ್ರು ಗಡಬಡಿಸಿ ಎದ್ದು, ಕೂಸನ್ನು ನೋಡಿ, ಅವ್ವನನ್ನು ನೋಡಿ, ನಾಚಿಕೊಂಡು ಟೊಪ್ಪಿಗೆ ಹುಡುಕಲು ಶುರು ಮಾಡಿದರು.

ಅವ್ವ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, ಕಾಕುವಿಗೂ ಒಂದು ಚಾಪೆ ಹಾಸಿದಳು.

"ಸಂಕೋಚ ಮಾಡಬ್ಯಾಡ್ರಿ ಸಾವ್ಕಾರ್ರ. ಬಿಸಲಾಗ ಎಲ್ಲಿ ಹೊಂಟ್ರಿ? ಮಲಕೋರಿ. ನಿಮ್ಮ ಮನಿ ಅಂತ ತಿ‍ಳಕೋರಿ."

ಸಾವ್ಕಾರ್ರು ಒಮ್ಮೆ ತಮ್ಮ ತಗಡಿನ ಕಡೆ ನೋಡಿದರು. "ಆತ್ರಿ ಅವ್ವಾರ" ಎಂದು ವಿಧೇಯರಾಗಿ ಮತ್ತೆ ಮಲಗಿಕೊಂಡರು.